ಜಪಾನಿನ ಕಷಾಯ ಮತ್ತು ನಮ್ಮ ರೋಗ ನಿರೋಧಕ ಶಕ್ತಿ

ಮನೆಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಸಾಕು, ನೀವು ಒಲೆಯ ಮೇಲೆ ನೀರಿಡುತ್ತೀರಿ. ಶುಂಠಿ ಜಜ್ಜಿ ಹಾಕಿ, ನಾಲ್ಕು ಕಾಳುಮೆಣಸು, ಒಂದು ಚೂರು ದಾಲ್ಚಿನ್ನಿ ಸೇರಿಸಿ, ಕುದಿಸಿ ಬತ್ತಿಸಿ ಬಿಸಿಬಿಸಿಯಾಗಿ ಕುಡಿಸುತ್ತೀರಿ. ಹೊದಿಕೆ ಹೊದಿಸಿ, "ಸ್ವಲ್ಪ ಬೆವರಲಿ, ಸರಿ ಹೋಗುತ್ತದೆ" ಎನ್ನುತ್ತೀರಿ.

ಸಾವಿರಾರು ಮೈಲಿ ದೂರದ ಜಪಾನಿನ ಮನೆಗಳಲ್ಲೂ ನೆಗಡಿಯ ಮೊದಲ ದಿನ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಅಲ್ಲಿಯ ಕಷಾಯದಲ್ಲೂ ಶುಂಠಿ ಇದೆ, ದಾಲ್ಚಿನ್ನಿ ಇದೆ. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಆ ಕಷಾಯ ಒಣಗಿದ ಪುಡಿಯಾಗಿ ಪುಟ್ಟ ಪೊಟ್ಟಣಗಳಲ್ಲಿ ಬರುತ್ತದೆ. ಎಂ.ಬಿ.ಬಿ.ಎಸ್. ಕಲಿತ ನಮ್ಮ ವೈದ್ಯರಂತೆಯೇ ಆಧುನಿಕ ವೈದ್ಯಶಾಸ್ತ್ರ ಕಲಿತವರು ಅದಕ್ಕೆ ಚೀಟಿ ಬರೆದು ಕೊಡುತ್ತಾರೆ. ದೇಶದ ಆರೋಗ್ಯ ವಿಮೆ ಅದರ ಖರ್ಚಿನ ಹೆಚ್ಚಿನ ಪಾಲನ್ನು ಭರಿಸುತ್ತದೆ. ಈ ವೈದ್ಯ ಪದ್ಧತಿಯ ಹೆಸರು ಕಾಂಪೋ.

2020ರಲ್ಲಿ ಕೊರೋನ ಬಂದಾಗಿನಿಂದ 'ಇಮ್ಯುನಿಟಿ' ಎಂಬ ಪದ ನಮ್ಮ ಅಡುಗೆ ಮನೆಯವರೆಗೂ ಬಂದಿದೆ. ಇಮ್ಯುನಿಟಿ ಹೆಚ್ಚಿಸುವ ಪುಡಿ, ಇಮ್ಯುನಿಟಿ ಹೆಚ್ಚಿಸುವ ಚಹಾ, ಇಮ್ಯುನಿಟಿ ಹೆಚ್ಚಿಸುವ ಲೇಹ್ಯ! ನಿಜಕ್ಕೂ ಗಿಡಮೂಲಿಕೆಗಳು ರೋಗ ನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆಯೇ? ಹೆಚ್ಚಿಸಿದರೆ ಅದು ಯಾವಾಗಲೂ ಒಳ್ಳೆಯದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಜಪಾನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಆ ದೇಶ ತನ್ನ ಹಳೆಯ ಕಷಾಯಗಳನ್ನು ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ತಂದು ಪರೀಕ್ಷಿಸಿದೆ. ಅವುಗಳಿಂದ ಲಾಭ ಪಡೆದಿದೆ, ಪೆಟ್ಟನ್ನೂ ತಿಂದಿದೆ.

ಚೀನಾದಿಂದ ಬಂದು ಜಪಾನಿನದಾದ ವೈದ್ಯ

'ಕಾಂಪೋ' ಎಂದರೆ 'ಚೀನೀ ಪದ್ಧತಿ' ಎಂದರ್ಥ. 5-6ನೇ ಶತಮಾನಗಳಲ್ಲಿ ಕೊರಿಯಾದ ಮೂಲಕ ಚೀನಾದ ವೈದ್ಯ ಜ್ಞಾನ ಜಪಾನಿಗೆ ಬಂತು. 753ರಲ್ಲಿ ಗಾಂಜಿನ್ ಎಂಬ ಚೀನೀ ಭಿಕ್ಷು, ಐದು ಬಾರಿ ವಿಫಲವಾದ ಮೇಲೆ ಆರನೆಯ ಪ್ರಯತ್ನದಲ್ಲಿ ಸಮುದ್ರ ದಾಟಿ ಜಪಾನ್ ತಲುಪಿದರು. ಅಷ್ಟರಲ್ಲಿ ಅವರು ದೃಷ್ಟಿ ಕಳೆದುಕೊಂಡಿದ್ದರು. ಆದರೂ ಮೂಸಿ ನೋಡಿಯೇ ಮೂಲಿಕೆಗಳನ್ನು ಗುರುತಿಸುತ್ತಿದ್ದರೆಂದು ಹೇಳಲಾಗುತ್ತದೆ. 756ರಲ್ಲಿ ಸಾಮ್ರಾಜ್ಞಿ ಕೋಮ್ಯೋ 60 ಬಗೆಯ ಔಷಧಗಳನ್ನು ನಾರಾ ನಗರದ ಶೋಸೋಯಿನ್ ಭಂಡಾರಕ್ಕೆ ಅರ್ಪಿಸಿದಳು. ಅವುಗಳಲ್ಲಿ ಕೆಲವು ಇಂದಿಗೂ ಅಲ್ಲಿ ಉಳಿದಿವೆ! 984ರಲ್ಲಿ ತಂಬಾ ಯಾಸುಯೋರಿ 30 ಸಂಪುಟಗಳ 'ಇಶಿಂಪೋ' ಎಂಬ ಗ್ರಂಥ ರಚಿಸಿದರು. ಇಂದು ಉಳಿದಿರುವ ಜಪಾನಿನ ವೈದ್ಯ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು.

ಮುಂದೆ ಜಪಾನಿನ ವೈದ್ಯರು ಚೀನಾದ ಉದ್ದುದ್ದ ಸಿದ್ಧಾಂತಗಳನ್ನು ಬದಿಗಿಟ್ಟು, ಅನುಭವದಲ್ಲಿ ಗುಣ ಕಂಡ ಔಷಧಗಳಿಗೆ ಪ್ರಾಮುಖ್ಯ ಕೊಟ್ಟರು. ತೊಯಾಮ ಎಂಬ ಊರಿನ ವ್ಯಾಪಾರಿಗಳು ಮನೆ ಮನೆಗೆ ಹೋಗಿ ಔಷಧದ ಪೆಟ್ಟಿಗೆ ಇಟ್ಟು ಬರುತ್ತಿದ್ದರು. ಮತ್ತೊಮ್ಮೆ ಬಂದಾಗ ಪೆಟ್ಟಿಗೆ ತೆರೆದು, ಬಳಸಿದ್ದಕ್ಕೆ ಮಾತ್ರ ಹಣ ಪಡೆಯುತ್ತಿದ್ದರು. ಮೊದಲು ಗುಣ, ಆಮೇಲೆ ಹಣ!

ನಂತರ ಪಾಶ್ಚಾತ್ಯ ವೈದ್ಯದ ಕಾಲ ಬಂತು. ವೈದ್ಯನಾಗಬೇಕಾದರೆ ಪಾಶ್ಚಾತ್ಯ ವೈದ್ಯದಲ್ಲೇ ಪರೀಕ್ಷೆ ಪಾಸಾಗಬೇಕೆಂದು ಸರಕಾರ 1883ರಲ್ಲಿ ನಿಯಮ ತಂದಿತು. ಕಾಂಪೋ ವೈದ್ಯರ ಮನವಿಯನ್ನು 1895ರಲ್ಲಿ ಸಂಸತ್ತು ತಿರಸ್ಕರಿಸಿತು. ಹೀಗೆ ಮೂಲೆ ಸೇರಿದ ಈ ಪದ್ಧತಿ ಮತ್ತೆ ತಲೆಯೆತ್ತಿದ್ದು 20ನೇ ಶತಮಾನದಲ್ಲಿ. 1967ರಲ್ಲಿ ಮೊದಲ ಬಾರಿಗೆ ಕೆಲವು ಕಾಂಪೋ ಔಷಧಗಳು ಆರೋಗ್ಯ ವಿಮೆಯ ಪಟ್ಟಿಗೆ ಸೇರಿದವು. 1976ರಲ್ಲಿ ಪಟ್ಟಿ ಬೆಳೆಯಿತು. ಇಂದು ಅದರಲ್ಲಿ 148 ಔಷಧ ಯೋಗಗಳಿವೆ. 2001ರಿಂದ ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲೂ ಕಾಂಪೋಗೆ ಸ್ಥಾನ ಸಿಕ್ಕಿದೆ.

ರೋಗಕ್ಕಲ್ಲ, ರೋಗಿಗೆ ಔಷಧ

ನೀವು ನೆಗಡಿಯೆಂದು ಕಾಂಪೋ ವೈದ್ಯರ ಬಳಿ ಹೋದಿರೆಂದು ಭಾವಿಸಿ. ಅವರು ಜ್ವರ ಎಷ್ಟಿದೆ ಎಂದು ಕೇಳಿ ಸುಮ್ಮನಾಗುವುದಿಲ್ಲ. ಚಳಿಯಾಗುತ್ತಿದೆಯೇ? ಬೆವರು ಬರುತ್ತಿದೆಯೇ? ಕುತ್ತಿಗೆ ಬಿಗಿದಿದೆಯೇ? ಬಾಯಾರಿಕೆ ಇದೆಯೇ? ಕೈಕಾಲು ತಣ್ಣಗಿರುತ್ತವೆಯೇ? ಮುಟ್ಟು ಸರಿಯಾಗಿ ಆಗುತ್ತಿದೆಯೇ? ಎಂದೆಲ್ಲ ಕೇಳುತ್ತಾರೆ. ನಾಲಿಗೆ ನೋಡುತ್ತಾರೆ. ಎರಡೂ ಕೈಗಳ ನಾಡಿ ಹಿಡಿಯುತ್ತಾರೆ. ಕಾಲು ನೀಡಿ ಅಂಗಾತ ಮಲಗಿಸಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಪರೀಕ್ಷಿಸುತ್ತಾರೆ. ಈ ಹೊಟ್ಟೆಯ ಪರೀಕ್ಷೆ ಜಪಾನಿನಲ್ಲೇ ವಿಶೇಷವಾಗಿ ಬೆಳೆದು ಬಂದದ್ದು.

ಇವೆಲ್ಲವನ್ನೂ ಕೂಡಿಸಿದಾಗ ಸಿಗುವ ಚಿತ್ರಕ್ಕೆ 'ಶೋ' ಎನ್ನುತ್ತಾರೆ. ರೋಗಿ ಬಲಶಾಲಿಯೋ ದುರ್ಬಲನೋ, ಶರೀರ ಉಷ್ಣವೋ ಶೀತವೋ ಎಂಬ ನಿರ್ಣಯವದು. ಯುನಾನಿ ಹಕೀಮರು 'ಮಿಝಾಜ್' ನೋಡುತ್ತಾರಲ್ಲ, ಸುಮಾರಾಗಿ ಅದೇ ರೀತಿಯ ಆಲೋಚನೆ.

ಆದ್ದರಿಂದಲೇ ಒಂದೇ ನೆಗಡಿಗೆ ಬೇರೆ ಬೇರೆ ಔಷಧ. ಗಟ್ಟಿಮುಟ್ಟಾದ ವ್ಯಕ್ತಿಗೆ ಚಳಿ ಹತ್ತಿ, ಕುತ್ತಿಗೆ ಬಿಗಿದು, ಬೆವರು ಬಾರದಿದ್ದರೆ 'ಕಕ್ಕೋಂತೋ'. ಮೈಕೈ ನೋವಿನೊಡನೆ ಜೋರು ಜ್ವರವಿದ್ದರೆ 'ಮಾವೋತೋ'. ಬಳಲಿದ ಶರೀರದವರು ಈಗಾಗಲೇ ಬೆವರುತ್ತಿದ್ದರೆ ಸೌಮ್ಯವಾದ 'ಕೇಶಿತೋ'. ಕೊನೆಯ 'ತೋ' ಎಂಬುದಕ್ಕೆ ಕಷಾಯ ಎಂದೇ ಅರ್ಥ. ಕೇಶಿತೋ ಕುಡಿದ ಮೇಲೆ ಬಿಸಿಯಾದ ತೆಳು ಗಂಜಿ ಕುಡಿದು, ಹೊದ್ದುಕೊಂಡು, ಮೈ ಸ್ವಲ್ಪವೇ ಬೆವರುವಂತೆ ಮಾಡಬೇಕು, ನೀರಿಳಿಯುವಷ್ಟು ಬೆವರಬಾರದು ಎಂದು ಸುಮಾರು 1800 ವರ್ಷಗಳ ಹಿಂದಿನ ಚೀನೀ ಗ್ರಂಥವೊಂದು ತಿಳಿಸುತ್ತದೆ. ನಮ್ಮ ಅಜ್ಜಿಯಂದಿರ ಮಾತು ಕೇಳಿದಂತಾಗುವುದಿಲ್ಲವೇ?

ನಿರೋಧಕ ಶಕ್ತಿ ಎಂದರೇನು?

ಮುಂದೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ರೋಗ ನಿರೋಧಕ ಶಕ್ತಿ ಎಂಬುದು ಪಾತ್ರೆಯಲ್ಲಿ ತುಂಬಿಸಿಡುವ ನೀರಲ್ಲ, ಹೆಚ್ಚಾದಷ್ಟೂ ಒಳ್ಳೆಯದೆನ್ನಲು. ಅದೊಂದು ಕಾವಲು ವ್ಯವಸ್ಥೆ. ಅದರಲ್ಲಿ ರೋಗಾಣುಗಳನ್ನು ನುಂಗುವ ಕಣಗಳಿವೆ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ 'ಎನ್.ಕೆ.' ಕಣಗಳಿವೆ. ಶತ್ರುವನ್ನು ನೆನಪಿಟ್ಟು ಪ್ರತಿಕಾಯ ತಯಾರಿಸುವ ಕಣಗಳಿವೆ. ಇವೆಲ್ಲ ಪರಸ್ಪರ ಮಾತನಾಡುವುದು ಸೈಟೊಕೈನ್ ಎಂಬ ರಾಸಾಯನಿಕಗಳ ಮೂಲಕ. ಜ್ವರ ಬರುವುದೂ ಈ ರಾಸಾಯನಿಕಗಳಿಂದಲೇ.

ಕಾವಲುಗಾರ ನಿದ್ದೆ ಹೋದರೆ ಕಳ್ಳ ಒಳಗೆ ಬರುತ್ತಾನೆ. ಆದರೆ ಕಾವಲುಗಾರನಿಗೆ ಹುಚ್ಚು ಹಿಡಿದರೆ? ಮನೆಯವರನ್ನೇ ಹೊಡೆಯುತ್ತಾನೆ! ಧೂಳಿಗೆ, ಹೂವಿನ ಪರಾಗಕ್ಕೆ ಸಿಡಿದೇಳುವುದು ಅಲರ್ಜಿ. ಸ್ವಂತ ಕೀಲುಗಳ ಮೇಲೆರಗುವುದು ರುಮಟಾಯ್ಡ್ ಸಂಧಿವಾತ. ಥೈರಾಯ್ಡ್ ಗ್ರಂಥಿಯ ಮೇಲೆರಗಿದರೆ ಥೈರಾಯ್ಡ್ ತೊಂದರೆ. ಇಂತಹ ರೋಗಗಳು ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು ಎಂಬುದನ್ನು ನೀವು ಗಮನಿಸಬೇಕು. ಇಂತಹವರಿಗೆ ನಿರೋಧಕ ಶಕ್ತಿಯನ್ನು 'ಹೆಚ್ಚಿಸುವುದು' ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಆಗಬಹುದು.

ಸಂಶೋಧನೆ ಏನು ಹೇಳುತ್ತದೆ?

ಕಕ್ಕೋಂತೋದಲ್ಲಿ ಏಳು ವಸ್ತುಗಳಿವೆ: ಕುಡ್ಜು ಎಂಬ ಬಳ್ಳಿಯ ಬೇರು, ಎಫೆಡ್ರ, ದಾಲ್ಚಿನ್ನಿ, ಪಿಯೋನಿ ಗಿಡದ ಬೇರು, ಬೋರೆಹಣ್ಣು, ಶುಂಠಿ ಮತ್ತು ಜ್ಯೇಷ್ಠಮಧು. ತೊಯಾಮದ ಸಂಶೋಧಕರು 1990ರ ದಶಕದಲ್ಲಿ ಇದನ್ನು ಇನ್‌ಫ್ಲುಯೆಂಜಾ ತಗಲಿದ ಇಲಿಗಳಿಗೆ ಕೊಟ್ಟು ನೋಡಿದರು. ಅದು ನಿರೋಧಕ ಶಕ್ತಿಯನ್ನು ಸುಮ್ಮನೆ ಏರಿಸಿಬಿಡಲಿಲ್ಲ. ಬದಲಾಗಿ, ಮಿತಿಮೀರಿ ಉಕ್ಕುತ್ತಿದ್ದ ಜ್ವರಕಾರಕ ಸೈಟೊಕೈನ್ ಒಂದನ್ನು ಅದು ತಗ್ಗಿಸಿತು. ಶ್ವಾಸಕೋಶದ ಉರಿಯೂತವೂ ಕಡಿಮೆಯಾಯಿತು.

ಮಾವೋತೋದಲ್ಲಿರುವುದು ನಾಲ್ಕೇ ವಸ್ತು. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಬಂದ 28 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾವೋತೋ, ಉಳಿದೆರಡಕ್ಕೆ ಆಧುನಿಕ ವೈರಸ್ ನಿರೋಧಕ ಔಷಧಗಳನ್ನು ಕೊಟ್ಟರು. ರೋಗಲಕ್ಷಣಗಳ ಒಟ್ಟು ತೀವ್ರತೆಯಲ್ಲಿ ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉತ್ಸಾಹ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ 28 ಮಂದಿ ಎಂದರೆ ಒಂದು ದೊಡ್ಡ ಕುಟುಂಬದ ಔತಣಕ್ಕೆ ಸೇರುವಷ್ಟು ಜನ ಮಾತ್ರ. ಇಷ್ಟರಿಂದಲೇ ತೀರ್ಪು ಕೊಡಲಾಗದು.

ಅಲರ್ಜಿಯ ಮೂಗು ಸೋರಿಕೆಗೆ ಕೊಡುವ 'ಶೋಸೇರ್ಯೂತೋ' ಇನ್ನೂ ಗಟ್ಟಿಯಾದ ಪರೀಕ್ಷೆಗೆ ಒಳಗಾಯಿತು. 1995ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 200ಕ್ಕೂ ಹೆಚ್ಚು ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಔಷಧ, ಇನ್ನರ್ಧ ಜನರಿಗೆ ನೋಡಲು ಹಾಗೆಯೇ ಇರುವ ಹುಸಿ ಪುಡಿ. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಔಷಧ ಪಡೆದವರಲ್ಲಿ ಗುಣ ಕಂಡವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿತ್ತು. ಇಲ್ಲಿ ಕಷಾಯ ಮಾಡಿದ ಕೆಲಸ ನಿರೋಧಕ ವ್ಯವಸ್ಥೆಯ ಅತಿರೇಕವನ್ನು ಶಮನಗೊಳಿಸಿದ್ದು.

ದುರ್ಬಲರಿಗೆ, ಸದಾ ಆಯಾಸಪಡುವವರಿಗೆ ಕೊಡುವ ಔಷಧ 'ಹೋಚೂಎಕ್ಕಿತೋ'. ಜಿನ್ಸೆಂಗ್, ಆಸ್ಟ್ರಾಗಲಸ್ ಬೇರು, ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ಮುಂತಾದ ಹತ್ತು ವಸ್ತುಗಳು ಇದರಲ್ಲಿವೆ. ಸದಾ ತುರಿಸುವ ಎಕ್ಸಿಮಾದಿಂದ ಬಳಲುತ್ತಿದ್ದ 91 ಮಂದಿಯನ್ನು ಆರಿಸಿ 24 ವಾರ ಇದನ್ನು ಪರೀಕ್ಷಿಸಿದರು. ಇಲ್ಲಿ ವಿಶೇಷವೇನೆಂದರೆ, ಬರೀ ರೋಗ ನೋಡದೆ, ದುರ್ಬಲ ಪ್ರಕೃತಿಯವರನ್ನೇ ಪ್ರಶ್ನಾವಳಿಯ ಮೂಲಕ ಆರಿಸಿದ್ದರು. ಔಷಧ ಕುಡಿದವರಿಗೆ ಮುಲಾಮಿನ ಅಗತ್ಯ ಕಡಿಮೆಯಾಯಿತು. ಆದರೆ ಚರ್ಮದ ರೋಗದ ತೀವ್ರತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ.

ಇನ್ನು ಕೊರೋನ ಕಾಲದಲ್ಲಿ ಜಪಾನಿನಲ್ಲಿ ಸುಮಾರು 160 ರೋಗಿಗಳ ಮೇಲೆ ಕಕ್ಕೋಂತೋ ಮತ್ತು ಇನ್ನೊಂದು ಕಷಾಯವನ್ನು ಜೊತೆಯಾಗಿ ಪರೀಕ್ಷಿಸಲಾಯಿತು. ಜ್ವರ ಬೇಗ ಇಳಿಯಿತು. ಆದರೆ ರೋಗಲಕ್ಷಣಗಳು ಒಟ್ಟಾರೆ ಕಡಿಮೆಯಾಗಲು ಹಿಡಿದ ಸಮಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಗಮನಿಸಿ, ಎಲ್ಲೂ ಪವಾಡವಿಲ್ಲ. ಕೆಲವು ಕಡೆ ಒಳ್ಳೆಯ ಗುಣ, ಕೆಲವು ಕಡೆ ಅಲ್ಪ ಗುಣ, ಕೆಲವು ಕಡೆ ಇನ್ನೂ ಅನುಮಾನ. ಪ್ರಾಮಾಣಿಕ ವಿಜ್ಞಾನ ಇರುವುದೇ ಹೀಗೆ.

ಕರುಳಿನ ಪಾತ್ರ

ಒಂದೇ ಕಷಾಯ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಹಿಡಿಯದಿರಲು ಕಾರಣವೇನು? ಒಂದು ಉತ್ತರ ನಮ್ಮ ಕರುಳಿನಲ್ಲಿದೆ. ಜ್ಯೇಷ್ಠಮಧುವಿನ ಸಿಹಿ ಸತ್ವವಾದ ಗ್ಲಿಸಿರೈಝಿನ್ ಇದ್ದ ಹಾಗೆಯೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಬೇರೆ ರೂಪಕ್ಕೆ ತಂದಾಗಲೇ ಅದು ರಕ್ತಕ್ಕೆ ಸೇರುತ್ತದೆ. ಈ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಅಲ್ಲದೆ ನಮ್ಮ ನಿರೋಧಕ ಕಣಗಳ ಬಹುದೊಡ್ಡ ಪಡೆ ಬೀಡುಬಿಟ್ಟಿರುವುದೂ ಕರುಳಿನ ಗೋಡೆಯಲ್ಲೇ. 'ಮೊದಲು ಹೊಟ್ಟೆ ಸರಿಪಡಿಸು' ಎಂದು ಹಳೆಯ ವೈದ್ಯರು ಹೇಳುತ್ತಿದ್ದುದರಲ್ಲಿ ಅರ್ಥವಿಲ್ಲದಿಲ್ಲ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಷಾಯ ಸುರಿದು 'ನಿರೋಧಕ ಕಣಗಳು ಹೆಚ್ಚಾದವು' ಎಂದು ಹೇಳುವ ಜಾಹೀರಾತುಗಳನ್ನು ನಂಬಬಾರದು ಎನ್ನುವುದೂ ಇದಕ್ಕಾಗಿಯೇ. ತಟ್ಟೆಗೆ ಕರುಳಿಲ್ಲ!

1996ರ ಕಹಿ ಪಾಠ

ಈಗ ಈ ಕಥೆಯ ಅತಿ ಮುಖ್ಯ ಭಾಗಕ್ಕೆ ಬರೋಣ. 'ಶೋಸೈಕೋತೋ' ಎಂಬುದು ಏಳು ಮೂಲಿಕೆಗಳ ಕಷಾಯ. ಇದರಲ್ಲೂ ಶುಂಠಿ, ಬೋರೆಹಣ್ಣು, ಜ್ಯೇಷ್ಠಮಧು ಇವೆ. 1980ರ ದಶಕದ ಕೊನೆಯಿಂದ ಇದನ್ನು ಲಿವರಿನ ದೀರ್ಘಕಾಲದ ಉರಿಯೂತಕ್ಕೆ, ಅಂದರೆ ಹೆಪಟೈಟಿಸ್‌ಗೆ ಜಪಾನಿನಲ್ಲಿ ಧಾರಾಳವಾಗಿ ಕೊಡತೊಡಗಿದರು. ಲಿವರ್ ಸಿರೋಸಿಸ್ ಇದ್ದ 260 ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಶೋಸೈಕೋತೋ ಪಡೆದವರಲ್ಲಿ ಕ್ಯಾನ್ಸರ್ ಸ್ವಲ್ಪ ಕಡಿಮೆ ಕಂಡಿತ್ತು. ಆದರೆ ಒಟ್ಟಾರೆ ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ಅಂತರವಿರಲಿಲ್ಲ. ಆದರೂ ಜನರ ವಿಶ್ವಾಸ ದೊಡ್ಡದಿತ್ತು. ಗಿಡಮೂಲಿಕೆ ತಾನೆ, ಏನಾದೀತು ಎಂಬ ಭಾವನೆಯೂ ಇತ್ತು.

ಆದರೆ ಆಯಿತು. ಕೆಲವು ರೋಗಿಗಳಲ್ಲಿ ಒಣ ಕೆಮ್ಮು, ಉಬ್ಬಸ, ಜ್ವರ ಕಾಣಿಸಿಕೊಂಡವು. ಪರೀಕ್ಷಿಸಿದಾಗ ಶ್ವಾಸಕೋಶದ ಒಳ ಅಂಗಾಂಶಕ್ಕೇ ಉರಿಯೂತ ತಗಲಿತ್ತು. ಇಂಟರ್‌ಫೆರಾನ್ ಚುಚ್ಚುಮದ್ದಿನ ಜೊತೆ ಈ ಕಷಾಯವನ್ನು ಕೊಡಲೇಬಾರದೆಂದು 1994ರಲ್ಲಿ ನಿಷೇಧಿಸಲಾಯಿತು. 1996ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವಾಲಯ ತುರ್ತು ಎಚ್ಚರಿಕೆ ಹೊರಡಿಸಿತು. ಅದರ ಪ್ರಕಾರ ಶ್ವಾಸಕೋಶದ ಈ ತೊಂದರೆಗೆ ಒಳಗಾದವರು 88 ಮಂದಿ. ಅವರಲ್ಲಿ 10 ಮಂದಿ ಮೃತಪಟ್ಟಿದ್ದರು. ಮುಂದೆ ಲಿವರ್ ಸಿರೋಸಿಸ್ ಮತ್ತು ಲಿವರ್ ಕ್ಯಾನ್ಸರ್ ಇರುವವರಿಗೂ ಇದನ್ನು ಕೊಡಬಾರದೆಂದು ನಿಯಮವಾಯಿತು.

ಶತಮಾನಗಳ ಇತಿಹಾಸವಿರುವ ಕಷಾಯ ಹೀಗೇಕೆ ಮಾಡಿತು? ಇದು ವಿಷದಂತೆ ಎಲ್ಲರಿಗೂ ಹಾನಿ ಮಾಡಲಿಲ್ಲ. ಕೆಲವರ ನಿರೋಧಕ ವ್ಯವಸ್ಥೆ ಕೆರಳಿ ತಮ್ಮದೇ ಶ್ವಾಸಕೋಶದ ಮೇಲೆರಗಿತೆಂಬುದು ತಜ್ಞರ ಅಭಿಪ್ರಾಯ. ಇನ್ನೊಂದು ಕಾರಣವನ್ನು ಕಾಂಪೋ ತಜ್ಞರೇ ಒಪ್ಪಿಕೊಂಡರು. ರೋಗಿಯ 'ಶೋ' ನೋಡಿ ಕೊಡಬೇಕಾದ ಔಷಧವನ್ನು ಬರೀ ರೋಗದ ಹೆಸರು ನೋಡಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಟ್ಟಿದ್ದರು. ನಿರೋಧಕ ಶಕ್ತಿಯನ್ನು ಮುಟ್ಟುವ ಔಷಧ ಯಾವುದೇ ಇರಲಿ, ಅದು ಎರಡು ಅಲಗಿನ ಕತ್ತಿ.

ಸಿಹಿ ಬೇರಿನ ಕಹಿ

ಕಾಂಪೋ ಯೋಗಗಳಲ್ಲಿ ಹತ್ತರಲ್ಲಿ ಸುಮಾರು ಏಳರಲ್ಲಿ ಜ್ಯೇಷ್ಠಮಧು ಇದೆ. ನಮ್ಮಲ್ಲೂ ಕೆಮ್ಮಿಗೆ ಇದನ್ನು ಅಗಿಯಲು ಕೊಡುವುದುಂಟು. ಯುನಾನಿ, ಆಯುರ್ವೇದ ಎರಡರಲ್ಲೂ ಇದರ ಬಳಕೆಯಿದೆ. ಎರಡು ದಿನ ಒಂದು ಚೂರು ಅಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಸೇವಿಸಿದರೆ ಶರೀರದ ಪೊಟ್ಯಾಸಿಯಂ ಇಳಿಯುತ್ತದೆ. ರಕ್ತದೊತ್ತಡ ಏರುತ್ತದೆ, ಕಾಲು ಬಾತುಕೊಳ್ಳುತ್ತದೆ, ಕೈಕಾಲುಗಳಲ್ಲಿ ಶಕ್ತಿ ಉಡುಗುತ್ತದೆ. ವಯಸ್ಸಾದವರಲ್ಲಿ, ಮಹಿಳೆಯರಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಬಿ.ಪಿ. ಇರುವ ಅತ್ತೆಗೆ ಕೆಮ್ಮಿನ ಕಷಾಯ ಮಾಡಿಕೊಡುವಾಗ ಇದು ನೆನಪಿರಲಿ.

ಎಫೆಡ್ರ ಇನ್ನೂ ಪ್ರಬಲವಾದ ಮೂಲಿಕೆ. ಅದರಿಂದ ಎಫೆಡ್ರಿನ್ ಎಂಬ ಸತ್ವವನ್ನು 1885ರಲ್ಲಿ ಬೇರ್ಪಡಿಸಿದವರು ಜಪಾನಿನ ವಿಜ್ಞಾನಿ ನಗಾಯಿ ನಗಯೋಶಿ. ಅದು ಉಸಿರಾಟದ ನಾಳಗಳನ್ನು ಹಿಗ್ಗಿಸುತ್ತದೆ. ಜೊತೆಗೆ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಅಮೆರಿಕವು 2004ರಲ್ಲಿ ಎಫೆಡ್ರ ಇರುವ ಪೂರಕ ಆಹಾರಗಳನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ಹೃದ್ರೋಗಿಗಳಿಗೆ ಕಕ್ಕೋಂತೋ, ಮಾವೋತೋ ಕೊಡುವಾಗ ಜಪಾನಿನ ವೈದ್ಯರು ಬಹಳ ಎಚ್ಚರ ವಹಿಸುತ್ತಾರೆ.

ನಮ್ಮ ದೇಶದಲ್ಲೂ ಇಂತಹ ಚರ್ಚೆ ನಡೆದಿದೆ. ಕೊರೋನ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯ ಲಿವರಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ನಿರೋಧಕ ವ್ಯವಸ್ಥೆ ಕೆರಳಿ ಹೀಗಾಗಿರಬಹುದೆಂದು ಅವರು ಶಂಕಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳಸಿದ ಬಳ್ಳಿ ನಿಜವಾದ ಅಮೃತಬಳ್ಳಿಯೇ ಎಂಬುದನ್ನು ಪರೀಕ್ಷಿಸಿಲ್ಲ ಎಂದು ಆಕ್ಷೇಪಿಸಿತು. ವಾದ ಯಾರದೇ ಸರಿಯಿರಲಿ, ಗುರುತು ತಿಳಿಯದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬಾರದೆಂಬುದು ಎರಡೂ ಕಡೆಯಿಂದ ಸಿಗುವ ಪಾಠ.

ಹಲಾಲ್ ಪ್ರಶ್ನೆ

ಕಾಂಪೋ ಔಷಧಗಳಲ್ಲಿ ಬಹುತೇಕ ಗಿಡಮೂಲಿಕೆಗಳೇ. ಆದರೆ ಎಲ್ಲವೂ ಅಲ್ಲ. ಮುಟ್ಟಿನ ತೊಂದರೆಗೆ ಕೊಡುವ 'ಉಂಕೇತೋ', ಮೂತ್ರದ ತೊಂದರೆಗೆ ಕೊಡುವ 'ಚೋರೇತೋ' ಮುಂತಾದವುಗಳಲ್ಲಿ 'ಅಕ್ಯೋ' ಎಂಬ ವಸ್ತುವಿದೆ. ಅದು ಕತ್ತೆಯ ಚರ್ಮವನ್ನು ಬೇಯಿಸಿ ತೆಗೆದ ಅಂಟು. ಮೂಲಿಕೆಗಳನ್ನು ಮದ್ಯದಲ್ಲಿ ನೆನೆಸಿಟ್ಟ ಆರೋಗ್ಯ ಪಾನೀಯಗಳೂ ಜಪಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಓದಲು, ದುಡಿಯಲು ಜಪಾನಿಗೆ ಹೋದ ಬಂಧುಗಳು ಊರಿಗೆ ಬರುವಾಗ ಇಂತಹ ಪೊಟ್ಟಣ ತಂದು ಕೊಟ್ಟರೆ, ಅದರಲ್ಲಿ ಏನೇನಿದೆ ಎಂದು ಮೊದಲು ಓದಿಸಿಕೊಳ್ಳಿ. ಅನುಮಾನವಿದ್ದರೆ ವೈದ್ಯರನ್ನೂ ಉಲಮಾಗಳನ್ನೂ ಕೇಳಿ ತಿಳಿದುಕೊಳ್ಳಿ. ಪೂರ್ತಿ ಗಿಡಮೂಲಿಕೆಯಿಂದಲೇ ಆದ ಬದಲಿ ಔಷಧ ಅನೇಕ ವೇಳೆ ಇದ್ದೇ ಇರುತ್ತದೆ.

ನೀವೇನು ಮಾಡಬಹುದು?

ಇದನ್ನೆಲ್ಲ ಓದಿ ನಾಳೆಯಿಂದ ಶುಂಠಿ ಕಷಾಯ ಬಿಡಬೇಕೆಂದು ತಿಳಿಯಬೇಡಿ. ಅಡುಗೆಗೆ ಬಳಸುವ ವಸ್ತುಗಳ ಕಷಾಯವನ್ನು ಮಿತವಾಗಿ, ಎರಡು ಮೂರು ದಿನ ಕುಡಿಯುವುದರಲ್ಲಿ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಕೆಲವು ಮಾತುಗಳನ್ನು ನೆನಪಿಡಿ.

* ಯಾವುದೇ ಮೂಲಿಕೆಯನ್ನು 'ಇಮ್ಯುನಿಟಿಗಾಗಿ' ತಿಂಗಳುಗಟ್ಟಲೆ ಸೇವಿಸುವ ಮೊದಲು ವೈದ್ಯರನ್ನು ಕೇಳಿ.
* ಥೈರಾಯ್ಡ್, ಸಂಧಿವಾತ, ಲೂಪಸ್, ಲಿವರ್ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಗುವಿಗೆ ಹಾಲೂಡಿಸುವವರು ವಿಶೇಷ ಎಚ್ಚರ ವಹಿಸಿ.
* ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಕುಡಿಯುವ ಕಷಾಯ, ಲೇಹ್ಯಗಳ ಹೆಸರನ್ನೂ ವೈದ್ಯರಿಗೆ ಹೇಳಿ. ನಾಚಿಕೆ ಬೇಡ.
* ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅದನ್ನೇ ನಿಮ್ಮ ಮಗುವಿಗೆ ಕೊಡಬೇಡಿ.
* ಮೂಲಿಕೆ ಔಷಧ ಸೇವಿಸುವಾಗ ಒಣ ಕೆಮ್ಮು, ಉಬ್ಬಸ, ಕಣ್ಣು ಹಳದಿಯಾಗುವುದು, ಕಾಲು ಬಾತುಕೊಳ್ಳುವುದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಜಪಾನ್ ತನ್ನ ಅಜ್ಜಿಯರ ಕಷಾಯವನ್ನು ಎಸೆಯಲಿಲ್ಲ, ಕುರುಡಾಗಿ ನಂಬಲೂ ಇಲ್ಲ. ಅದನ್ನು ತೂಗಿತು, ಅಳೆಯಿತು. ತಪ್ಪಾದಾಗ ಸತ್ತವರ ಸಂಖ್ಯೆಯನ್ನು ಮುಚ್ಚಿಡದೆ ಹೊರಗಿಟ್ಟಿತು. ಆದ್ದರಿಂದಲೇ ಅಲ್ಲಿಯ ವೈದ್ಯರು ಇಂದು ಶ್ವಾಸಕೋಶದ ಎಕ್ಸ್‌ರೇ ನೋಡುವ ಕಣ್ಣಿನಿಂದಲೇ ರೋಗಿಯ ನಾಲಿಗೆಯನ್ನೂ ನೋಡುತ್ತಾರೆ.

ಮುಂದಿನ ಬಾರಿ ಒಲೆಯ ಮೇಲೆ ಕಷಾಯಕ್ಕೆ ನೀರಿಡುವಾಗ ಒಂದು ಕ್ಷಣ ಯೋಚಿಸಿ. ಕುಡಿಯುವವರು ಯಾರು? ಅವರ ಶರೀರ ಎಂತಹದು? ಅವರು ಬೇರೆ ಯಾವ ಔಷಧ ಸೇವಿಸುತ್ತಿದ್ದಾರೆ? ಕಾಂಪೋ ವೈದ್ಯರು ಕೇಳುವ ಪ್ರಶ್ನೆಗಳೂ ಇವೇ. ನಿಮ್ಮ ಮನೆಯವರನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಇನ್ನಾರಿದ್ದಾರೆ?